ಕವಲಾಪುರದ ಒಣನೆಲದಲ್ಲಿ ತೋಟ ಕಟ್ಟುವುದು: ಗಾರ್ಡನಿಂಗ್ ಕೆಲಸಕ್ಕೆ ಇಳಿಯುವ ನಮ್ಮ ಯುವಕರಿಗೆ ಒಂದಿಷ್ಟು ಲೆಕ್ಕ

ಗಲ್ಫ್‌ನಿಂದ ವಾಪಸು ಬಂದವರಲ್ಲಿ ಹೋಟೆಲ್, ಅಂಗಡಿ, ಡ್ರೈವಿಂಗ್ ಗೊತ್ತಿದ್ದವರು ಹೇಗೋ ಒಂದು ದಾರಿ ಹಿಡಿಯುತ್ತಾರೆ. ಆದರೆ ಅಲ್ಲಿ ಬಲದಿಯಾ ಗುತ್ತಿಗೆಯಲ್ಲೋ, ಅರಬಿಯ ಮಝ್ರಾದಲ್ಲೋ ಹತ್ತು ವರ್ಷ ಗಿಡ ನೆಟ್ಟು, ಹುಲ್ಲು ಕತ್ತರಿಸಿ, ಪೈಪ್ ಎಳೆದು ಬಂದವರು ಊರಿನಲ್ಲಿ ‘ನನಗೆ ಯಾವ ಕೆಲಸವೂ ಗೊತ್ತಿಲ್ಲ’ ಅಂತ ಕೂರುವುದನ್ನು ನೋಡಿದ್ದೇನೆ. ನಾನೂ ಅವರಲ್ಲಿ ಒಬ್ಬನಾಗಿದ್ದೆ. ಸೌದಿಯ ಅಬಹಾದಲ್ಲಿ, ಗುಡ್ಡದ ಮೇಲಿನ ಊರಿನಲ್ಲಿ, ಗಾರ್ಡನ್ ಕೆಲಸದಲ್ಲಿದ್ದವನು. ಊರಿಗೆ ಬಂದ ಮೇಲೆ ನನಗೆ ಸಿಕ್ಕಿದ ಮೊದಲ ದೊಡ್ಡ ಕೆಲಸ ಮಂಗಳೂರಿನಲ್ಲಿ ಅಲ್ಲ, ಮಹಾರಾಷ್ಟ್ರದ ಸಾಂಗ್ಲಿ ಪಕ್ಕದ ಕವಲಾಪುರದಲ್ಲಿ. ಆ ಕೆಲಸದಲ್ಲಿ ನಾನು ಕೈ ಸುಟ್ಟುಕೊಂಡೆ. ಹೇಗೆ ಸುಟ್ಟಿತು ಅಂತ ಹೇಳಿದರೆ ಹೊಸಬರಿಗೆ ಉಪಯೋಗವಾದೀತು.

ಕವಲಾಪುರ ಇರುವುದು ಸಾಂಗ್ಲಿಯಿಂದ ತಾಸಗಾಂವ್‌ಗೆ ಹೋಗುವ ರಸ್ತೆಯಲ್ಲಿ, ಮೀರಜ್ ತಾಲೂಕಿನ ಹಳ್ಳಿ. ಗಜ್ಜರಿಗೆ, ಅಂದರೆ ನಮ್ಮ ಕ್ಯಾರೆಟ್‌ಗೆ, ಸಾಂಗ್ಲಿ ಮಾರ್ಕೆಟಿನಲ್ಲಿ ಹೆಸರು ಮಾಡಿದ ಊರು. ಹಳೆಯ ವಿಮಾನದ ಪಟ್ಟಿಯೊಂದು ಅಲ್ಲಿ ಉಂಟು. ಮುಂದೆ ಹೋದರೆ ತಾಸಗಾಂವ್, ದ್ರಾಕ್ಷಿ ಮತ್ತು ಒಣದ್ರಾಕ್ಷಿಯ ಊರು. ಈ ಕಡೆ ಮೀರಜ್‌ನಿಂದ ಪಂಢರಪುರದ ರಸ್ತೆ ಹಿಡಿದರೆ ಭೋಸೆ ಹತ್ತಿರ ದಂಡೋಬಾ ಗುಡ್ಡ. ಕೃಷ್ಣಾ ನದಿಯ ದಡದಲ್ಲಿ ನಿಂತು ನೋಡಿದರೆ ಕಬ್ಬು, ಅರಿಶಿನ, ಎಲ್ಲ ಹಸಿರು. ಆದರೆ ಮೂಡಣಕ್ಕೆ ಹೋದ ಹಾಗೆ ಹಸಿರು ಕರಗುತ್ತದೆ. ಪಶ್ಚಿಮ ಘಟ್ಟ ಮೋಡವನ್ನೆಲ್ಲ ತಡೆದು ಶಿರಾಳಾ ಕಡೆ ಸುರಿಸುತ್ತದೆ. ಕವಠೆ ಮಹಾಂಕಾಳ, ಆಟ್ಪಾಡಿ, ಕನ್ನಡ ಮಾತಾಡುವ ಜನ ತುಂಬ ಇರುವ ಜತ್ತ, ಇವೆಲ್ಲ ಮಳೆನೆರಳಿನ ತಾಲೂಕುಗಳು. ವರ್ಷದ ಮಳೆ ಸುಮಾರು 500-600 ಮಿಲಿಮೀಟರ್. ನಮ್ಮ ಮಂಗಳೂರಿನಲ್ಲಿ ಇದರ ಆರು ಪಟ್ಟು ಸುರಿಯುತ್ತದೆ. ಅವರಿಗೆ ವರ್ಷಕ್ಕೆ ಬರುವ ಮಳೆ ನಮಗೆ ಜೂನ್ ತಿಂಗಳೊಂದರಲ್ಲೇ ಬಂದು ಹೋಗುತ್ತದೆ ಅಂದರೂ ತಪ್ಪಾಗದು.

2019ರ ಆಗಸ್ಟ್‌ನಲ್ಲಿ ಸಾಂಗ್ಲಿ ಪೇಟೆಯೊಳಗೆ ದೋಣಿ ಓಡಿದ್ದನ್ನು ಟಿವಿಯಲ್ಲಿ ನೋಡಿದವರಿಗೆ ಇದು ಬರದ ಸೀಮೆ ಅಂತ ನಂಬುವುದು ಕಷ್ಟ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಕುಡಿಯುವ ನೀರನ್ನು ರೈಲಿನಲ್ಲಿ ಸಾಗಿಸಿದರಲ್ಲ, ಆ ರೈಲು ತುಂಬಿಕೊಂಡು ಹೊರಟದ್ದೂ ಇದೇ ಮೀರಜ್‌ನಿಂದ. ಮೊದಲ ರೈಲಿನಲ್ಲಿ 10 ವ್ಯಾಗನ್, ಸುಮಾರು 5 ಲಕ್ಷ ಲೀಟರ್. ನದಿ ಪಕ್ಕದಲ್ಲಿ ನೀರು ಉಂಟು, ನಾಲ್ಕು ಗುಡ್ಡ ದಾಟಿದರೆ ಇಲ್ಲ. ಗಾರ್ಡನ್ ಕೆಲಸ ಹಿಡಿಯುವವನು ಮೊದಲು ಕೇಳಬೇಕಾದದ್ದು ‘ಯಾವ ಹೂ ಬೇಕು’ ಅಂತ ಅಲ್ಲ, ‘ಮೇ ತಿಂಗಳಲ್ಲಿ ನೀರು ಎಲ್ಲಿಂದ’ ಅಂತ. ನಾನು ಕೇಳಲಿಲ್ಲ.

ಕೆಲಸ ಕೊಟ್ಟವರು ಫಾರ್ಮ್‌ಹೌಸ್ ಕಟ್ಟಿಸಿದ್ದರು. ಮಂಗಳೂರಿನ ಯಾವುದೋ ರೆಸಾರ್ಟ್ ನೋಡಿ ಬಂದು ‘ನಮಗೂ ಹಾಗೇ ಬೇಕು’ ಅಂದರು. ನಾನು ಹಿಂದೆಮುಂದೆ ನೋಡದೆ ಒಂದು ಲಾರಿ ತುಂಬ ಕೇಪಳ, ಆಂಥೂರಿಯಂ, ಅಡಿಕೆ ಜಾತಿಯ ಅಲಂಕಾರದ ಗಿಡ, ಮೆಕ್ಸಿಕನ್ ಗ್ರಾಸ್ ಎಲ್ಲ ಘಟ್ಟ ಹತ್ತಿಸಿದೆ. ನೆಡುವಾಗ ಕೆಲಸಕ್ಕೆ ಬಂದಿದ್ದ ಜತ್ತ ಕಡೆಯ ಒಬ್ಬ ಹಿರಿಯರು ಕೇಪಳದ ಬುಡದ ಕೆಂಪು ಮಣ್ಣು ಮುಟ್ಟಿ ನೋಡಿ, ‘ಭಾಯ್, ಈ ಗಿಡಾ ಇಲ್ಲಿ ಉಳ್ಯಾಂಗಿಲ್ರಿ. ಇದರ ಮಣ್ಣ ಬ್ಯಾರೆ, ನಮ್ಮ ಮಣ್ಣ ಬ್ಯಾರೆ’ ಅಂದರು. ನಾನು ನಕ್ಕೆ. ನಾಲ್ಕು ತಿಂಗಳಲ್ಲಿ ಕೇಪಳದ ಎಲೆ ಹಳದಿಯಾಯಿತು, ನರ ಮಾತ್ರ ಹಸಿರು ಉಳಿಯಿತು. ಗೊಬ್ಬರ ಕಡಿಮೆಯಾಗಿದೆ ಅಂತ ಇನ್ನಷ್ಟು ಯೂರಿಯಾ ಸುರಿದೆ. ಮೇ ಬರುವಷ್ಟರಲ್ಲಿ ಮುಕ್ಕಾಲು ಪಾಲು ಗಿಡ ಹೋಯಿತು. ಬಾಕಿ ಹಣ ಕೇಳುವ ಮುಖ ನನಗಿರಲಿಲ್ಲ.

ಆಮೇಲೆ ಗೊತ್ತಾದ ಕಾರಣ ತೀರ ಸರಳ. ನಮ್ಮ ಕರಾವಳಿಯ ಜಂಬಿಟ್ಟಿಗೆ ಮಣ್ಣು ಹುಳಿ. ಅದರ ಪಿಎಚ್ ಸಾಧಾರಣವಾಗಿ 5ರಿಂದ 6ರ ಆಸುಪಾಸು. ಕವಲಾಪುರದ ಕಡೆಯ ಕಪ್ಪು ಎರೆಮಣ್ಣು ಹುಟ್ಟಿದ್ದು ದಖ್ಖನ್ನಿನ ಕರಿಕಲ್ಲು ಸವೆದು. ಅದರಲ್ಲಿ ಸುಣ್ಣದ ಹರಳು ಬೆರೆತಿರುತ್ತದೆ, ಪಿಎಚ್ 7.5ರಿಂದ 8.5ರವರೆಗೂ ಹೋಗುತ್ತದೆ. ಇಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವ ರೂಪದಲ್ಲಿ ಇರುವುದಿಲ್ಲ. ಎಲೆ ಹಳದಿ, ನರ ಹಸಿರು ಅಂದರೆ ಅದು ಹಸಿವೆ ಅಲ್ಲ, ಕಬ್ಬಿಣದ ಕೊರತೆ. ಅದಕ್ಕೆ ಯೂರಿಯಾ ಹಾಕಿದ್ದು ಜ್ವರ ಬಂದವನಿಗೆ ಬಿರಿಯಾನಿ ತಿನ್ನಿಸಿದ ಹಾಗೆ. ಫೆರಸ್ ಸಲ್ಫೇಟನ್ನು ಲೀಟರ್‌ಗೆ 5 ಗ್ರಾಂನಂತೆ ಕರಗಿಸಿ, ಸ್ವಲ್ಪ ಸಿಟ್ರಿಕ್ ಆಸಿಡ್ ಸೇರಿಸಿ ಎಲೆಗೆ ಸಿಂಪಡಿಸಿದರೆ ತಾತ್ಕಾಲಿಕವಾಗಿ ಹಸಿರು ಬರುತ್ತದೆ. ನಿಜವಾದ ಮದ್ದು ಆ ಮಣ್ಣಿಗೆ ಒಗ್ಗುವ ಗಿಡ ನೆಡುವುದು. ಕೆಲಸ ಒಪ್ಪಿಕೊಳ್ಳುವ ಮೊದಲು ಒಂದು ಚೀಲ ಮಣ್ಣು, ಒಂದು ಬಾಟ್ಲಿ ಬೋರ್‌ವೆಲ್ ನೀರು ಲ್ಯಾಬಿಗೆ ಕೊಟ್ಟರೆ ಅರ್ಧ ತಲೆನೋವು ಅಲ್ಲೇ ಕಡಿಮೆ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಈ ಪರೀಕ್ಷೆಗೆ ದೊಡ್ಡ ಖರ್ಚು ಬರುವುದಿಲ್ಲ.

ಈ ವಿಷಯದಲ್ಲಿ ತಾಸಗಾಂವ್‌ನ ದ್ರಾಕ್ಷಿ ಬೆಳೆಗಾರರು ನಮಗಿಂತ ಬಹಳ ಮುಂದೆ. ಉಪ್ಪು ಮಣ್ಣು, ಉಪ್ಪು ನೀರಿನಲ್ಲಿ ದ್ರಾಕ್ಷಿ ಸೊರಗಲು ಶುರುವಾದಾಗ ಅವರು ಮಣ್ಣನ್ನು ಬದಲಾಯಿಸಲು ಹೋಗಲಿಲ್ಲ, ಬೇರನ್ನು ಬದಲಾಯಿಸಿದರು. ಡಾಗ್‌ರಿಡ್ಜ್ ಎಂಬ ಗಟ್ಟಿ ಜಾತಿಯ ಬಳ್ಳಿಯನ್ನು ಮೊದಲು ನೆಟ್ಟು, ಅದರ ಮೇಲೆ ತಮಗೆ ಬೇಕಾದ ದ್ರಾಕ್ಷಿಯನ್ನು ಕಸಿ ಮಾಡುತ್ತಾರೆ. ಗುಲಾಬಿ ತೋಟ ಮಾಡುವವರಿಗೂ ಇದೇ ಪಾಠ: ಚಂದದ ಹೂವಿನ ಗಿಡ ತರುವಾಗ ಯಾವ ಬೇರಿನ ಮೇಲೆ ಕಸಿಯಾಗಿದೆ ಅಂತ ನರ್ಸರಿಯವರನ್ನು ಕೇಳಿ. ಹನಿ ನೀರಾವರಿಯ ಪೈಪ್, ಫಿಲ್ಟರ್, ರಿಪೇರಿ ಮಾಡುವ ಹುಡುಗರು ಎಲ್ಲ ಆ ಭಾಗದಲ್ಲಿ ಸುಲಭವಾಗಿ ಸಿಗುವುದೂ ದ್ರಾಕ್ಷಿಯವರ ದೆಸೆಯಿಂದಲೇ.

ಈಗ ಹುಲ್ಲಿನ ಲೆಕ್ಕಕ್ಕೆ ಬರೋಣ, ಯಾಕೆಂದರೆ ಗಿರಾಕಿ ಮೊದಲು ಕೇಳುವುದೇ ಲಾನ್. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಸರಿಯಾಗಿ ಒಂದು ಲೀಟರ್. ಇದೊಂದು ಸೂತ್ರ ಬಾಯಿಪಾಠ ಇದ್ದರೆ ಸಾಕು, ಉಳಿದದ್ದೆಲ್ಲ ಮಗ್ಗಿ. ಏಪ್ರಿಲ್-ಮೇ ಬಿಸಿಲಿಗೆ ಹುಲ್ಲುಹಾಸು ದಿನಕ್ಕೆ 5ರಿಂದ 7 ಮಿಲಿಮೀಟರ್ ನೀರು ಕುಡಿಯುತ್ತದೆ. ಒಂದು ಗುಂಟೆ ಅಂದರೆ ಹೆಚ್ಚುಕಮ್ಮಿ 100 ಚದರ ಮೀಟರ್. ಹಾಗಾದರೆ ಒಂದು ಗುಂಟೆ ಲಾನಿಗೆ ದಿನಕ್ಕೆ 500ರಿಂದ 700 ಲೀಟರ್. ಐದು ಜನರ ಒಂದು ಮನೆ ಇಡೀ ದಿನ ಮಿಂದು, ಒಗೆದು, ಅಡುಗೆ ಮಾಡಿ ಬಳಸುವಷ್ಟು ನೀರು. ಹತ್ತು ಗುಂಟೆ ಲಾನ್ ಬೇಕು ಅಂದವರಿಗೆ ‘ಸರ್, ದಿನಕ್ಕೊಂದು ಟ್ಯಾಂಕರ್ ಬರಬೇಕಾಗುತ್ತದೆ’ ಅಂತ ಕಾಗದದ ಮೇಲೆ ಬರೆದು ತೋರಿಸಿ. ಹೆಚ್ಚಿನವರು ಅಲ್ಲೇ ಮನಸ್ಸು ಬದಲಾಯಿಸುತ್ತಾರೆ. ಬದಲಾಯಿಸದವರೂ ಉಂಟು, ಹಣ ಇರುವವರು. ಅವರ ಬೋರ್‌ವೆಲ್ ಎಳೆಯುವುದು ಪಕ್ಕದ ಮನೆಯವರ ಬಾವಿಯ ನೀರನ್ನೇ ಎಂಬುದನ್ನು ನಾವು ಮರೆಯಬಾರದು. ಅಂಥ ಕೆಲಸವನ್ನು ನಾನು ಈಗ ಒಪ್ಪುವುದಿಲ್ಲ. ಒಪ್ಪುವವರನ್ನು ದೂರುವುದೂ ಇಲ್ಲ, ಹೊಟ್ಟೆಪಾಡು ಅವರವರದ್ದು.

ಹುಲ್ಲು ಬೇಕೇ ಬೇಕು ಅಂದರೆ ಮನೆಯ ಮುಂದೆ, ಮಕ್ಕಳು ಆಡುವಷ್ಟು ಜಾಗಕ್ಕೆ ಮಾತ್ರ ನಮ್ಮ ಗರಿಕೆಯ ಜಾತಿಯದ್ದು ಹಾಕಿ. ನೀರು ತಪ್ಪಿದರೆ ಒಣಗಿದ ಹಾಗೆ ಕಾಣುತ್ತದೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಉಳಿದ ಜಾಗಕ್ಕೆ ಕರಿಕಲ್ಲಿನ ಹಾಸು, ಗರಸು, ನಡುನಡುವೆ ಕತ್ತಾಳೆ, ಲೋಳೆಸರ, ಕಾಗದದ ಹೂವಿನ ಪೊದೆ. ಮರಗಳಲ್ಲಿ ಬೇವು, ಹೊಂಗೆ, ಕಕ್ಕೆ, ಮುತ್ತುಗ. ಹಣ್ಣಿಗೆ ಸೀತಾಫಲ, ದಾಳಿಂಬೆ, ನೆಲ್ಲಿ. ಬೇಲಿಗೆ ತಂಗಡಿ ಹಾಕಿದರೆ ಹಳದಿ ಹೂ ಕಣ್ಣು ತುಂಬ. ಕಣಗಿಲೆ ಬರಕ್ಕೆ ಬಗ್ಗುವ ಗಿಡವಲ್ಲ, ದನವೂ ಮುಟ್ಟುವುದಿಲ್ಲ, ಆದರೆ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ, ಮದ್ರಸದ ಅಂಗಳದಲ್ಲಿ ಬೇಡವೇ ಬೇಡ.

ನೀರನ್ನು ಎಲ್ಲಿಂದ ತರುವುದು ಎಂಬುದಕ್ಕೆ ಅರ್ಧ ಉತ್ತರ ಮನೆಯ ತಾರಸಿಯಲ್ಲೇ ಉಂಟು. 1000 ಚದರಡಿ ತಾರಸಿ, 550 ಮಿಲಿಮೀಟರ್ ಮಳೆ, ಅದರಲ್ಲಿ ಐದನೇ ಒಂದು ಭಾಗ ಆವಿಯಾಗಿಯೋ ಸೋರಿಯೋ ಹೋಯಿತು ಅಂತ ಬಿಟ್ಟರೂ ಸುಮಾರು 40 ಸಾವಿರ ಲೀಟರ್ ಹಿಡಿಯಬಹುದು. ಒಂದು ಗುಂಟೆ ಲಾನ್ ಇದನ್ನು ಎರಡು ತಿಂಗಳಲ್ಲಿ ಮುಗಿಸಿಬಿಡುತ್ತದೆ. ಅದೇ ನೀರನ್ನು 100 ಗಿಡಗಳಿಗೆ, ಗಂಟೆಗೆ 4 ಲೀಟರ್‌ನ ಎರಡೆರಡು ಡ್ರಿಪ್ಪರ್ ಇಟ್ಟು, ನಾಲ್ಕು ದಿನಕ್ಕೊಮ್ಮೆ ಒಂದು ಗಂಟೆ ಬಿಟ್ಟರೆ ದಿನಕ್ಕೆ ಸರಾಸರಿ 200 ಲೀಟರ್ ಆಯಿತು. ಅಂದರೆ 200 ದಿನ. ನವೆಂಬರ್‌ನಿಂದ ಮೇ ಕೊನೆಯವರೆಗೆ ಬಂದೇ ಬಿಟ್ಟಿತು! ದಿನಾಲೂ ಮೇಲೆ ಮೇಲೆ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಬೇಡಿ. ಬೇರು ಮೇಲೆಯೇ ಕುಳಿತುಬಿಡುತ್ತದೆ, ಎರಡು ದಿನ ತಪ್ಪಿದರೆ ಗಿಡ ಸತ್ತಿತು. ನಾಲ್ಕು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ಕೊಟ್ಟರೆ ಬೇರು ನೀರನ್ನು ಹುಡುಕಿಕೊಂಡು ಕೆಳಗೆ ಹೋಗುತ್ತದೆ.

ಬುಡಕ್ಕೆ ಹೊದಿಕೆ ಮರೆಯಬೇಡಿ. ನಮ್ಮಲ್ಲಿ ತೆಂಗಿನ ಸಿಪ್ಪೆ ಇಟ್ಟ ಹಾಗೆ ಅಲ್ಲಿ ಕಬ್ಬಿನ ರವದಿ. ಸಾಂಗ್ಲಿ ಸುತ್ತ ಕಬ್ಬು ಕಡಿದ ಹೊಲದಲ್ಲಿ ಅದನ್ನು ಸುಟ್ಟು ಹಾಕುವುದೇ ಹೆಚ್ಚು. ಕೇಳಿದರೆ ಒಯ್ಯಿರಿ ಅನ್ನುತ್ತಾರೆ, ಗಾಡಿ ಖರ್ಚು ಮಾತ್ರ ನಮ್ಮದು. ನಾಲ್ಕು ಇಂಚು ದಪ್ಪ ಹಾಸಿದರೆ ಬಿಸಿಲು ನೇರ ಮಣ್ಣಿಗೆ ಬಡಿಯುವುದಿಲ್ಲ. ಗೆದ್ದಲು ಬರುತ್ತದೆ, ಹಾಗಾಗಿ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹಾಸಬೇಕು.

ಗುಡ್ಡದ ಇಳಿಜಾರಿನ ಜಾಗ ಸಿಕ್ಕಿದರೆ ಲೆಕ್ಕವೇ ಬೇರೆ. ಅಲ್ಲಿ ಮಳೆ ಕಡಿಮೆ, ಆದರೆ ಬಂದಾಗ ಒಂದೇ ಗಂಟೆಯಲ್ಲಿ ಸುರಿದು ಮಣ್ಣನ್ನೂ ಹೊತ್ತುಕೊಂಡು ಓಡುತ್ತದೆ. ಓಡುವ ನೀರನ್ನು ನಡೆಸಬೇಕು, ನಡೆಯುವ ನೀರನ್ನು ಕೂರಿಸಬೇಕು. ಇದಕ್ಕೆ ಅಡ್ಡಕ್ಕೆ ಸಮಮಟ್ಟದ ಕಂದಕ ತೋಡುತ್ತಾರೆ. ಎರಡಡಿ ಅಗಲ, ಒಂದಡಿ ಆಳ. ತೋಡಿದ ಮಣ್ಣನ್ನು ಕೆಳಬದಿಗೆ ಒಡ್ಡಿನಂತೆ ಹಾಕಿ ಅದರ ಮೇಲೆ ಲಾವಂಚವೋ ಗ್ಲಿರಿಸಿಡಿಯಾವೋ ನೆಡುವುದು. ಹತ್ತು ಮೀಟರ್ ಉದ್ದದ ಇಂಥ ಒಂದು ಕಂದಕ ಒಮ್ಮೆ ತುಂಬಿದರೆ ಸುಮಾರು 1800 ಲೀಟರ್ ನೀರು ನೆಲಕ್ಕೆ ಇಳಿಯುತ್ತದೆ. ಕಂದಕ ಒಂದೇ ಮಟ್ಟದಲ್ಲಿ ಇರಬೇಕು, ಒಂದು ಕಡೆ ತಗ್ಗಾದರೆ ನೀರೆಲ್ಲ ಅಲ್ಲೇ ನುಗ್ಗಿ ಒಡ್ಡು ಒಡೆಯುತ್ತದೆ. ಮಟ್ಟ ನೋಡಲು ದುಬಾರಿ ಯಂತ್ರ ಬೇಡ. ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪ್ ಸಾಕು. ಅದೂ ಇಲ್ಲದಿದ್ದರೆ ಎರಡು ಉದ್ದ ಕೋಲು ಮೇಲೆ ಕಟ್ಟಿ, ನಡುವೆ ಅಡ್ಡಕೋಲು ಬಿಗಿದು, ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಟ್ಟರೆ ಆಯಿತು. ದಾರ ಅಡ್ಡಕೋಲಿನ ನಡುಗುರುತಿಗೆ ಬಂದು ನಿಂತರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಅಂತ ಅರ್ಥ.

ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಗೋಡೆ ಕಟ್ಟಿ ತೋಟ ಮಾಡುವುದನ್ನು ನಾನು ಅಬಹಾದಲ್ಲೇ ಕಂಡದ್ದು. ಸಮುದ್ರಮಟ್ಟದಿಂದ 2200 ಮೀಟರ್‌ಗೂ ಎತ್ತರದ ಆ ಅಸೀರ್ ಸೀಮೆಯಲ್ಲಿ ತಲೆಮಾರುಗಳ ಹಿಂದೆಯೇ ಸಿಮೆಂಟ್ ಇಲ್ಲದೆ ಕಟ್ಟಿದ ಗೋಡೆಗಳು ಇಂದಿಗೂ ಮಣ್ಣು ಹಿಡಿದು ನಿಂತಿವೆ. ಗೋಡೆ ನೆಟ್ಟಗೆ ಇರುವುದಿಲ್ಲ, ಗುಡ್ಡದ ಕಡೆಗೆ ಸ್ವಲ್ಪ ಒರಗಿರುತ್ತದೆ. ಹಿಂದೆ ಸಣ್ಣ ಕಲ್ಲು ತುಂಬಿ ನೀರು ಬಸಿದು ಹೋಗಲು ದಾರಿ ಬಿಟ್ಟಿರುತ್ತಾರೆ. ನಮ್ಮ ಇಂಜಿನಿಯರುಗಳು ಕಾಂಕ್ರೀಟ್ ಗೋಡೆ ಕಟ್ಟಿ ತೂತು ಬಿಡಲು ಮರೆಯುತ್ತಾರೆ, ಮೊದಲ ಮಳೆಗೆ ನೀರಿನ ಒತ್ತಡದಿಂದ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ. ಎರೆಮಣ್ಣಿನಲ್ಲಂತೂ ಇದು ಇನ್ನೂ ಕಷ್ಟ. ಆ ಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಕಲ್ಲು ಹಾಸಿದ ದಾರಿ ಒಂದೇ ವರ್ಷದಲ್ಲಿ ಅಲೆಅಲೆಯಾಗುತ್ತದೆ. ಮೇಲಿನ ಎರೆ ತೆಗೆದು ಗರಸು ತುಂಬಿ ಗುದ್ದಿದ ಮೇಲೆಯೇ ಹಾಸು. ಮಹಾರಾಷ್ಟ್ರದಲ್ಲಿ ಮಣ್ಣು, ಗರಸಿನ ಲೆಕ್ಕ ‘ಬ್ರಾಸ್’ನಲ್ಲಿ. ಒಂದು ಬ್ರಾಸ್ ಅಂದರೆ 100 ಘನ ಅಡಿ. 1000 ಚದರಡಿಗೆ ಅರ್ಧ ಅಡಿ ತುಂಬಲು 5 ಬ್ರಾಸ್ ಬೇಕು. ಲೋಡ್ ಲೆಕ್ಕದಲ್ಲಿ ತೆಗೆದುಕೊಂಡರೆ ಮೋಸ ಹೋಗುತ್ತೀರಿ, ಅಳೆದು ತೆಗೆದುಕೊಳ್ಳಿ.

ಒಣಸೀಮೆಯಲ್ಲಿ ತೋಟ ಕಟ್ಟುವ ವಿದ್ಯೆ ಈ ಭಾಗಕ್ಕೆ ಹೊಸತಲ್ಲ. ಮೀರಜ್ ಹಿಂದೆ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಆ ಬಿಜಾಪುರದಲ್ಲಿ ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದು ಊರಿಗೂ ತೋಟಗಳಿಗೂ ಹಂಚಿದ್ದರು. 1620ರ ತಾಜ್ ಬಾವಡಿ, 1651ರ ಬೇಗಂ ತಲಾಬ್ ಈಗಲೂ ನೋಡಬಹುದು. ಊರೊಳಗೆ ಅಲ್ಲಲ್ಲಿ ನಿಂತಿರುವ ‘ಗಂಜ್’ ಎಂಬ ಕಲ್ಲಿನ ಗೋಪುರಗಳು ನೀರಿನ ಒತ್ತಡ ತಗ್ಗಿಸಲು, ಹೂಳು ಕೆಳಗೆ ಕೂರಿಸಲು ಕಟ್ಟಿದವು. ನಾವು ಇಂದು ಡ್ರಿಪ್ ಲೈನಿಗೆ ಫಿಲ್ಟರ್, ಪ್ರೆಶರ್ ವಾಲ್ವ್ ಹಾಕುವುದೂ ಅದಕ್ಕೇ. ಪ್ರವಾಸ ಹೋದಾಗ ಗೋಲ್ ಗುಂಬಝ್ ಒಳಗೆ ಕೂಗಿ ಪ್ರತಿಧ್ವನಿ ಕೇಳಿ ಬಂದುಬಿಡುತ್ತೇವೆ, ಇವನ್ನೂ ಒಮ್ಮೆ ನೋಡಿ ಬನ್ನಿ.

ನಮ್ಮ ಕಾಲದ್ದೇ ಉದಾಹರಣೆ ಬೇಕಾದರೆ ಸಾಂಗ್ಲಿ ಜಿಲ್ಲೆಯ ಸಾಗರೇಶ್ವರ. ಬೋಳು ಗುಡ್ಡವಾಗಿದ್ದ ಜಾಗದಲ್ಲಿ ಡಿ.ಎಂ. ಮೋಹಿತೆ ಎಂಬವರು ಹಿಡಿದ ಹಟದಿಂದ ಕಾಡು ಎದ್ದಿತು. ಜಿಂಕೆಗಳನ್ನು ತಂದು ಬಿಟ್ಟರು. 1985ರಲ್ಲಿ ಸರಕಾರ ಅದನ್ನು ವನ್ಯಜೀವಿಧಾಮ ಎಂದು ಘೋಷಿಸಿತು. ವಿಸ್ತೀರ್ಣ 10.87 ಚದರ ಕಿಲೋಮೀಟರ್. ಮನುಷ್ಯರು ನೆಟ್ಟು ಬೆಳೆಸಿದ ವನ್ಯಧಾಮ ಎಂದೇ ಅದಕ್ಕೆ ಹೆಸರು. ಗಾರ್ಡನ್ ಕಲಿಯುವವರು ರೆಸಾರ್ಟುಗಳ ಫೋಟೋ ನೋಡುವ ಬದಲು ಇಲ್ಲಿಗೆ ಹೋಗಿ, ನೀರು ಹಾಕುವವರಿಲ್ಲದೆಯೂ ಯಾವ ಮರ ಬದುಕಿದೆ ಅಂತ ಪಟ್ಟಿ ಮಾಡಿಕೊಂಡು ಬಂದರೆ ಅದೇ ಒಂದು ಕೋರ್ಸ್.

ಮಸೀದಿ ಕಮಿಟಿಯವರಿಗೂ ಒಂದು ಮಾತು. ವುಝೂ ಮಾಡಿದ ನೀರಿನಲ್ಲಿ ಸಾಬೂನು ಇರುವುದಿಲ್ಲ, ಎಣ್ಣೆ ಇರುವುದಿಲ್ಲ. ಅದನ್ನು ಚರಂಡಿಗೆ ಬಿಡುತ್ತೇವೆ. ಒಬ್ಬರಿಗೆ 4 ಲೀಟರ್ ಎಂದು ಹಿಡಿದರೂ ಒಂದು ಹೊತ್ತಿಗೆ 60 ಮಂದಿ ಬಂದರೆ 240 ಲೀಟರ್ ಆಯಿತು. ಹೌಝ್‌ನ ಪಕ್ಕದಲ್ಲಿ ಮರಳು-ಜಲ್ಲಿ ತುಂಬಿದ ಒಂದು ಸಣ್ಣ ಗುಂಡಿ ಮಾಡಿ, ಅಲ್ಲಿಂದ ಒಂದು ಪೈಪ್ ಎಳೆದರೆ ಅಂಗಳದ ಮತ್ತು ಖಬರಸ್ಥಾನದ ಗಿಡಗಳಿಗೆ ಬೇರೆ ನೀರೇ ಬೇಡ. ಮೀರಜ್‌ನಂಥ ಕಡೆ ಮಾತ್ರ ಅಲ್ಲ, ಮಾರ್ಚ್-ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸುವ ನಮ್ಮ ಕರಾವಳಿಯ ಜಮಾಅತ್‌ಗಳಿಗೂ ಇದು ಆಗುವ ಕೆಲಸವೇ.

ಇನ್ನು ದುಡ್ಡಿನ ವಿಷಯ. ತೋಟ ಮಾಡಿಕೊಡುವುದರಲ್ಲಿ ಲಾಭ ಒಮ್ಮೆ ಮಾತ್ರ, ನೋಡಿಕೊಳ್ಳುವುದರಲ್ಲಿ ತಿಂಗಳು ತಿಂಗಳು. ಹಾಗಾಗಿ ಕೊಟೇಶನ್‌ನಲ್ಲೇ ಎರಡನ್ನೂ ಬೇರೆ ಬೇರೆ ಬರೆಯಬೇಕು. ಗಿಡದ ಬೆಲೆ, ಮಣ್ಣು-ಗರಸು, ಪೈಪ್ ಕೆಲಸ, ಕೂಲಿ ಒಂದೊಂದಾಗಿ. ನೀರು ಒದಗಿಸುವ ಹೊಣೆ ಯಾರದ್ದು ಎಂಬುದು ಸ್ಪಷ್ಟ ಇರಲಿ. ‘ಗಿಡ ಸತ್ತರೆ ಬದಲಿಸಿ ಕೊಡುತ್ತೇವೆ’ ಅಂತ ಬಾಯಿಮಾತಿನಲ್ಲಿ ಹೇಳಬೇಡಿ. ‘ಹೇಳಿದಷ್ಟು ನೀರು ಕೊಟ್ಟಿದ್ದರೆ ಇಷ್ಟು ತಿಂಗಳವರೆಗೆ’ ಅಂತ ಬರೆದು ಸಹಿ ಹಾಕಿಸಿ. ನಮ್ಮವರು ‘ಗೊತ್ತಿದ್ದವರೇ ಅಲ್ಲವಾ, ಕಾಗದ ಯಾಕೆ’ ಅನ್ನುವುದು ಜಾಸ್ತಿ. ಕಾಗದ ಇದ್ದರೆ ಗೊತ್ತಿದ್ದವರು ಗೊತ್ತಿದ್ದವರಾಗಿಯೇ ಉಳಿಯುತ್ತಾರೆ.

ಕಲಿಯಲು ದಾರಿ ಉಂಟು. ಕರ್ನಾಟಕದ ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ 10 ತಿಂಗಳ ತರಬೇತಿ ಕೊಡುತ್ತದೆ, ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು. ಓದುವ ಆಸಕ್ತಿ ಇದ್ದರೆ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಉಂಟು, ಅದು ಶುರುವಾದದ್ದೂ 2008ರಲ್ಲಿ, ಒಣಸೀಮೆಯಲ್ಲೇ. ಸರ್ಟಿಫಿಕೇಟ್ ಕೈಯಲ್ಲಿದ್ದವನಿಗೆ ಗಲ್ಫ್‌ನಲ್ಲೂ ಬೆಲೆ ಬೇರೆ. ಸೌದಿ 2021ರಲ್ಲಿ ಸಾವಿರ ಕೋಟಿ ಮರ ನೆಡುವ ಯೋಜನೆ ಘೋಷಿಸಿದೆ, ಆ ಕೆಲಸಕ್ಕೆ ಬೇಕಾದದ್ದು ಹುಲ್ಲು ಕತ್ತರಿಸುವವರಷ್ಟೇ ಅಲ್ಲ, ನೀರಿನ ಲೆಕ್ಕ ಗೊತ್ತಿರುವ ಸೂಪರ್‌ವೈಸರ್‌ಗಳು.

ಕವಲಾಪುರಕ್ಕೆ ನಾನು ಮರುವರ್ಷ ಮತ್ತೆ ಹೋದೆ, ಕರೆಯದೆಯೇ. ಒಣಗಿದ್ದನ್ನೆಲ್ಲ ಕಿತ್ತು, ಕೂಲಿ ಮಾತ್ರ ತೆಗೆದುಕೊಂಡು, ಜತ್ತದ ಆ ಹಿರಿಯರನ್ನೇ ಕೂರಿಸಿಕೊಂಡು ಪಟ್ಟಿ ಮಾಡಿದೆವು. ಏಪ್ರಿಲ್‌ನಲ್ಲೇ ಎರಡಡಿ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ನೆಟ್ಟೆವು. ಈಗ ಹೊಂಗೆ ಆಳೆತ್ತರ ದಾಟಿದೆ. ಮನೆಯವರ ಮಗಳಿಗೆ ಕೇಪಳ ಇಷ್ಟವಂತೆ, ಅದಕ್ಕಾಗಿ ಎರಡು ದೊಡ್ಡ ಕುಂಡದಲ್ಲಿ ಮಂಗಳೂರಿನ ಕೆಂಪು ಮಣ್ಣು ತುಂಬಿಸಿ, ತಾರಸಿಯ ಮಳೆನೀರನ್ನೇ ಹಾಕಲು ಹೇಳಿ ಇಟ್ಟಿದ್ದೇನೆ. ಹೋದ ತಿಂಗಳು ಫೋಟೋ ಕಳಿಸಿದ್ದರು. ಎಲೆ ಹಸಿರಾಗಿಯೇ ಉಂಟು.